ಗುರುವಾರದ ಅಕ್ಕೋರು

ಅಕ್ಕೋರ ಮಣ್ಣಿಗೆ ಬಂದವರಲ್ಲಿ ಅರ್ಧ ಜನಕ್ಕೆ ಅವರ ಹೆಸರು ಗೊತ್ತಿರಲಿಲ್ಲ. ಬೆಟಗೇರಿಯ ನೇಕಾರರ ಓಣಿಯ ಹೆಂಗಸರು, ಅವರ ಕೈಯಲ್ಲಿ ಎರಡನೇ ಇಯತ್ತೆ ಕಲಿತು ಈಗ ಮೊಮ್ಮಕ್ಕಳನ್ನು ಎತ್ತಿ ಆಡಿಸುವ ಗಂಡಸರು, ಶಿರಹಟ್ಟಿ ಬಸ್ಸಿನಿಂದ ಇಳಿದು ನೇರ ಸ್ಮಶಾನಕ್ಕೆ ನಡೆದುಬಂದ ಮುದುಕಿಯರು, ಎಲ್ಲರಿಗೂ ಅವರು ಬರೀ ಅಕ್ಕೋರು. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರನ್ನು ಹಾಗೆ ಕರೆಯುವುದು ರೂಢಿ. ಶವಪೆಟ್ಟಿಗೆಯ ಮೇಲೆ ಅಂಟಿಸಿದ್ದ ಚೀಟಿಯನ್ನು ಓದಿ ಒಬ್ಬಾಕೆ ಪಕ್ಕದವಳನ್ನು, "ಇದು ಯಾರ ಹೆಸರವಾ?" ಎಂದು ಕೇಳಿದ್ದು ನನ್ನ ಕಿವಿಗೆ ಬಿತ್ತು. ಆ ಚೀಟಿ ಅಚ್ಚು ಹಾಕಿದವನು ನಾನೇ. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಬೇರೆ ಯಾರದೋ ಕಥೆ ಹೇಳುತ್ತಿದ್ದೇನೆ ಅಂತ ನನಗೇ ಅನಿಸುತ್ತದೆ.

ನನ್ನದು ಬೆಟಗೇರಿಯಲ್ಲಿ ಒಂದು ಸಣ್ಣ ಪ್ರಿಂಟಿಂಗ್ ಅಂಗಡಿ. ಲಗ್ನಪತ್ರಿಕೆ, ಬಿಲ್ ಬುಕ್ಕು, ಹುಟ್ಟುಹಬ್ಬದ ಫ್ಲೆಕ್ಸು, ತೀರಿಕೊಂಡವರ ಫೋಟೊ, ಎಲ್ಲ ನಮ್ಮಲ್ಲೇ. ಅದರ ಜೊತೆಗೆ ನಮ್ಮ ಚರ್ಚಿನ ಕಮಿಟಿಗೆ ನಾನು ಸೆಕ್ರೆಟರಿ. ಪ್ರಿಂಟಿಂಗ್ ಅಂಗಡಿ ಇದ್ದವನನ್ನು ಸೆಕ್ರೆಟರಿ ಮಾಡಿದರೆ ಓಡಾಟ ತಪ್ಪುತ್ತದೆ ಎಂಬ ಲೆಕ್ಕಾಚಾರದಲ್ಲಿ ಹಿರಿಯರು ಮಾಡಿದ್ದು. ನನ್ನಲ್ಲಿ ಬೇರೆ ಯಾವ ಗುಣವನ್ನೂ ಅವರು ಕಂಡಿರಲಿಕ್ಕಿಲ್ಲ. ವರ್ಷಕ್ಕೊಮ್ಮೆ ಸಭೆಯ, ಅಂದರೆ ಚರ್ಚಿನ, ಕೂಟಗಳ ಕಾರ್ಯಕ್ರಮ ಪಟ್ಟಿ ಅಚ್ಚಾಗುವಾಗ ಅಕ್ಕೋರು ಅಂಗಡಿಗೆ ಬರುತ್ತಿದ್ದರು. ಕುಳ್ಳಗಿನ ಹೆಂಗಸು, ಸಣ್ಣ ಅಂಚಿನ ಬಿಳಿ ಸೀರೆ, ಹೆಗಲಿಗೆ ದೊಡ್ಡದೊಂದು ಚೀಲ. ಚೀಲದಲ್ಲಿ ಕತ್ತರಿ, ಅಳತೆಯ ಟೇಪು, ಒಂದು ಕೆಂಪು ಬಾಲ್ ಪೆನ್ನು. ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಪ್ರೂಫು ನೋಡುತ್ತಿದ್ದರೆ ನನಗೆ ಎರಡನೇ ಇಯತ್ತೆಯಲ್ಲಿದ್ದಾಗ ಆಗುತ್ತಿದ್ದ ಹಾಗೆಯೇ ಅಂಗೈ ಬೆವರುತ್ತಿತ್ತು. ನಲವತ್ತು ದಾಟಿದ ಮೇಲೂ ಬೆವರುತ್ತಿತ್ತು.

ನಾನು ಹೆಡ್ಡಿಂಗನ್ನು ಮೂರು ಬಣ್ಣದಲ್ಲಿ, ನೆರಳು ಕೊಟ್ಟು ಮಾಡಿದ್ದರೆ ಅವರು ಕನ್ನಡಕದ ಮೇಲಿಂದ ನೋಡಿ, "ಲೇ ತಮ್ಮಾ, ಅಕ್ಷರ ದೊಡ್ಡದ ಮಾಡಿದ್ರ ಮಾತು ದೊಡ್ಡದಾಗತೈತೇನು?" ಎನ್ನುತ್ತಿದ್ದರು. ಅಷ್ಟೇ. ಕೆಂಪು ಗೆರೆ ಎಳೆದು ಮುಂದಕ್ಕೆ ಹೋಗುತ್ತಿದ್ದರು.

ಅವರಿಗೆ ಎರಡು ಚಟ ಇದ್ದವು. ಒಂದು, ನಡೆಯುವುದು. ಗದಗ ಸ್ಟೇಶನ್‌ನಿಂದ ಬೆಟಗೇರಿಯವರೆಗೂ ಆಟೋದವರು ಪುಕ್ಕಟೆ ಹತ್ತಿಸಿಕೊಳ್ಳುತ್ತೇವೆ ಎಂದರೂ ಹತ್ತುತ್ತಿರಲಿಲ್ಲ. ಎರಡನೆಯದು, ಯಾರ ಮನೆಗೆ ಹೋದರೂ ಹರಿದ ಅರಿವೆ ಏನಾದರೂ ಇದೆಯೇ ಎಂದು ಕೇಳುವುದು. ಪಾಸ್ಟರ್ ಮನೆಯಲ್ಲಿ ಬಿಷಪ್ಪರು ಊಟಕ್ಕೆ ಬಂದಿದ್ದಾಗ, ಅವರ ನಿಲುವಂಗಿಯ ಅಂಚು ಬಿಚ್ಚಿದ್ದನ್ನು ನೋಡಿ, ಊಟ ಮುಗಿಯುವುದರೊಳಗೆ ಅಲ್ಲೇ ಕೂತು ಹೊಲಿದುಕೊಟ್ಟಿದ್ದರು. ಆ ದೊಡ್ಡ ಮನುಷ್ಯರು ಅಲುಗಾಡದೆ ಹೋಳಿಗೆ ತಿನ್ನುತ್ತಿದ್ದ ರೀತಿ ನೋಡಿ ನಾವು ಅಡುಗೆಮನೆಯಲ್ಲಿ ಬಾಯಿಗೆ ಸೆರಗು, ಕರವಸ್ತ್ರ ಒತ್ತಿಕೊಂಡು ನಕ್ಕಿದ್ದೆವು.

ಇಪ್ಪತ್ತಾರಕ್ಕೆ ಗಂಡನನ್ನು ಕಳೆದುಕೊಂಡವರು ಅವರು. ಆ ಕಾಲದಲ್ಲಿ ನಮ್ಮ ಸಭೆಯಲ್ಲಿ ಗಂಡ ಸತ್ತವರು ಆರಾಧನೆಗೆ ಬಂದರೂ ಹಿಂದಿನ ಬಾಗಿಲ ಹತ್ತಿರ ಕೂರುತ್ತಿದ್ದರಂತೆ. ಕೂರಬೇಕು ಎಂದು ಯಾವ ಕಾನೂನೂ ಇರಲಿಲ್ಲ. ಆದರೆ ಸ್ತ್ರೀ ಸಮಾಜದವರು ಮದುವೆ ಮನೆಗೆ ಹಾಡಲು ಹೋಗುವಾಗ ಇವರನ್ನು ಕರೆಯುತ್ತಿರಲಿಲ್ಲ. ಓಣಿಯಲ್ಲಿ ಜಗಳ ಬಂದರೆ ಇವರ ಕಿವಿಗೆ ಬೀಳುತ್ತಿದ್ದ ಶಬ್ದವನ್ನು ನಾನು ಇಲ್ಲಿ ಅಚ್ಚು ಹಾಕಲಾರೆ, ಓದುವವರಿಗೆ ಗೊತ್ತೇ ಇದೆ. ಅಕ್ಕೋರು ಕಮಿಟಿಯ ಮುಂದೆ ಹೋಗಿ ನಮಗೂ ಒಂದು ಕೂಟ ಬೇಕು, ಅದಕ್ಕೊಂದು ಹೆಸರು ಬೇಕು, ಆ ಹೆಸರು ಬೇರೆಲ್ಲ ಹೆಸರುಗಳ ಜೊತೆಗೆ ಬೋರ್ಡಿನ ಮೇಲೆ ಬರಬೇಕು ಎಂದರು. ಹಿರಿಯರೊಬ್ಬರು ಮೆತ್ತಗೆ, 'ದುಃಖಿತರ ಕೂಟ' ಎಂದಿಡೋಣವೇ ಎಂದರಂತೆ.

"ನಾವು ದುಃಖ ಮಾಡಾಕ ಕೂಡಂಗಿಲ್ರಿ, ಹೊಲಿಯಾಕ ಕೂಡತೀವಿ," ಎಂದರು ಅಕ್ಕೋರು. "ನಾವು ವಿಧವೆಯರು. ಆ ಶಬ್ದಕ್ಕ ಮರ್ಯಾದಿ ಐತಿ. ಅದನ್ನ ಬರೀರಿ."

ಹಾಗೆ 'ವಿಧವೆಯರ ಕೂಟ' ಎಂಬ ತಗಡಿನ ಬೋರ್ಡು ಚರ್ಚಿನ ಪಕ್ಕದ ಹಾಲಿನ ಬಾಗಿಲಿಗೆ ಬಂತು. ಪ್ರತಿ ಗುರುವಾರ ಸಂಜೆ ನಾಲ್ಕಕ್ಕೆ ಕೂಟ. ಎರಡು ಹೊಲಿಗೆ ಮಷೀನು, ಒಂದು ಹಾಡು, ಒಂದು ಪ್ರಾರ್ಥನೆ, ಒಗ್ಗರಣೆ ಚುರುಮುರಿ, ಚಹಾ. ಆ ಬೋರ್ಡನ್ನು ಅಕ್ಕೋರು ತಾವೇ ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದರು. ಅದು ಅವರು ಗೆದ್ದು ತಂದ ಹೆಸರಾಗಿತ್ತು.

ಇಂಥವರ ಹತ್ತಿರ ನಾನು ಸುಧಾರಣೆ ಮಾಡಲು ಹೋದೆ. ಸೆಕ್ರೆಟರಿಯಾದ ಹೊಸತು, ಹುರುಪು ನೆತ್ತಿಗೇರಿತ್ತು. ನಮ್ಮ ಪಟ್ಟಿಯ ಹೆಚ್ಚಿನ ಹೆಸರುಗಳು ಪರದೇಶದ ಪಾದ್ರಿಗಳ ಕಾಲದವು. 'ಸುವಾರ್ತಾ ದಂಡು' ಎಂದರೆ ಹಾಡು ಹೇಳುವ ಏಳೆಂಟು ಹುಡುಗರು. 'ದೊರ್ಕ ಸಂಘ' ಎಂದರೆ ಬಡವರಿಗೆ ಬಟ್ಟೆ ಕೊಡುವವರು. ದೊರ್ಕ ಅನ್ನುವಾಕೆ ಬಡವರಿಗೆ ಅಂಗಿ ಹೊಲಿದುಕೊಟ್ಟಳು ಎಂದು ಬೈಬಲಿನಲ್ಲಿದೆ, ಆದರೆ ಹೊಸದಾಗಿ ಬಂದವನಿಗೆ ಅದು ಹೇಗೆ ಗೊತ್ತಾಗಬೇಕು? ಹೊಸಬರು ಗೇಟಿನ ಬೋರ್ಡಿನ ಮುಂದೆ ನಿಂತು ಮೇಲಿನಿಂದ ಕೆಳಗಿನವರೆಗೆ ಓದಿ, ತಮಗೆ ಹೊಂದುವುದು ಯಾವುದೂ ಇಲ್ಲವೆಂದು ಸೈಕಲ್ ಹತ್ತಿ ಹೋಗುವುದನ್ನು ನಾನು ಕಂಡಿದ್ದೆ. ಸರಿ, ಹುಬ್ಬಳ್ಳಿಯ ಯಾವುದೋ ದೊಡ್ಡ ಚರ್ಚಿನ ಕರಪತ್ರ ನೋಡಿ ಎಲ್ಲದಕ್ಕೂ ಇಂಗ್ಲಿಷ್ ಹೆಸರು ಕೂರಿಸಿದೆ. ವಿಧವೆಯರ ಕೂಟ 'ಹೋಪ್ ಸರ್ಕಲ್' ಆಯಿತು. ಪ್ರೂಫು ನೋಡಿದ ಅಕ್ಕೋರು ಆ ಹೆಸರಿನ ಮೇಲೆ ಕೆಂಪು ಪೆನ್ನಿನ ತುದಿ ಇಟ್ಟರು.

"ಇದು ಏನು, ತಮ್ಮಾ?"

"ಹೊಸ ಹೆಸರ್ರೀ ಅಕ್ಕೋರ. ಹೊಸ ಮಂದಿ ಬರಲಿ ಅಂತ."

"ಹಳೇದು ಅವರಿಗೆ ತಿಳಿಯಂಗಿಲ್ಲ, ಹೊಸಾದು ನಮಗ ತಿಳಿಯಂಗಿಲ್ಲ. ಹಂಗಾದ್ರ ಒಳಗ ಬರವ್ರ್ಯಾರು?"

ಇಡೀ ಹಾಳೆಗೆ ಅಡ್ಡಗೆರೆ ಬಿತ್ತು. ನನ್ನ ಸುಧಾರಣೆ ಅಲ್ಲಿಗೆ ಮುಗಿಯಿತು. ಖರೆ ಹೇಳಬೇಕೆಂದರೆ ಆ ಹೊತ್ತು ಅವರ ಮೇಲೆ ಸಿಟ್ಟೇ ಬಂದಿತ್ತು. ಮುದುಕಿಯರ ಹಟ ಎಂದು ಹೆಂಡತಿಯ ಮುಂದೆ ಗೊಣಗಿದೆ.

ಹೀಗೆ ಆರೇಳು ವರ್ಷ ನಡೆಯಿತು. ಆಮೇಲೆ ಹಿರೇವಡ್ಡಟ್ಟಿಯ ಆ ಹುಡುಗಿ ಬಂದಳು.

ಹುಡುಗಿ ಎಂದರೆ ಇಪ್ಪತ್ನಾಲ್ಕು ವಯಸ್ಸು. ಮುಂಡರಗಿ ತಾಲೂಕಿನ ಹಿರೇವಡ್ಡಟ್ಟಿಗೆ ಮದುವೆಯಾಗಿ ಹೋಗಿದ್ದವಳು, ಗಂಡ ತೀರಿ ಕೆಲವು ವರ್ಷದ ಮೇಲೆ ಬೆಟಗೇರಿಯ ಅಣ್ಣನ ಮನೆಗೆ ಬಂದಿದ್ದಳು. ಮಗ್ಗದವರ ಮನೆಯಲ್ಲಿ ನೂಲು ಸುತ್ತುವ ಕೆಲಸ. ಅಕ್ಕೋರು ಅವಳನ್ನು ಓಣಿಯಲ್ಲಿ ಕಂಡು ಮಾತಾಡಿಸಿದ್ದರು. ಹೊಲಿಗೆ ಕಲಿಯುವ ಆಸೆ ಇದೆ, ಕಲಿತರೆ ಯಾರ ಮನೆಯಲ್ಲೂ ಕೈಯೊಡ್ಡದೆ ಬದುಕಬಹುದು ಎಂದಿದ್ದಳು. ಅಕ್ಕೋರಿಗೆ ಎಷ್ಟು ಖುಷಿ ಆಯಿತೆಂದರೆ, ಶನಿವಾರವೇ ನನ್ನ ಅಂಗಡಿಗೆ ಬಂದು ಚೀಟಿ ಕೊಟ್ಟುಹೋದರು.

ನಮ್ಮ ಸಭೆಯಲ್ಲಿ ಒಂದು ಪದ್ಧತಿ ಇತ್ತು. ಹೊಸದಾಗಿ ಬಂದವರನ್ನು ಭಾನುವಾರ ಪ್ರಕಟಣೆಯ ಹೊತ್ತಿಗೆ ಎದ್ದು ನಿಲ್ಲಿಸುವುದು. ಸೆಕ್ರೆಟರಿ ಅವರ ಹೆಸರು, ಊರು ಓದಿ, ಅವರು ಯಾವ ಕೂಟಕ್ಕೆ ಸೇರಿದವರು ಎಂದು ಹೇಳುವುದು. ಎಲ್ಲರೂ ಚಪ್ಪಾಳೆ ತಟ್ಟುವುದು. ಇದನ್ನು ನಾವು ಸ್ವಾಗತ ಎಂದು ತಿಳಿದಿದ್ದೆವು. ಮಕ್ಕಳಿಗೆ ಸಂಡೇ ಸ್ಕೂಲು, ಮದುವೆಯಾಗದವರಿಗೆ ಯೌವನಸ್ಥರ ಸಂಘ, ಮದುವೆಯಾದ ಹೆಂಗಸರಿಗೆ ಸ್ತ್ರೀ ಸಮಾಜ. ಪ್ರತಿಯೊಬ್ಬರಿಗೂ ಒಂದು ಖಾನೆ.

ನಾನು ಚೀಟಿ ಓದಿದೆ. ಹೆಸರು, ಊರು, "ವಿಧವೆಯರ ಕೂಟಕ್ಕೆ ಸೇರ್ಪಡೆ."

ಅವಳು ಎದ್ದು ನಿಂತಿದ್ದಳು. ಹಸಿರು ಬಣ್ಣದ ಸಾದಾ ಸೀರೆ, ತೋಳಿಗೆ ಒರಗಿದ ಅಣ್ಣನ ಮಗಳು. ಅವಳ ವಯಸ್ಸಿನ ಹುಡುಗಿಯರೆಲ್ಲ ಗಾಯನ ತಂಡದ ಬೆಂಚಿನಲ್ಲಿದ್ದರು. ಚಪ್ಪಾಳೆ ಬೀಳಲಿಲ್ಲ. ಹಿಂದಿನಿಂದ ಯಾರೋ ಒಬ್ಬರು, "ಅಯ್ಯ, ಪಾಪ," ಎಂದರು. ಇಡೀ ಸಭೆ ತಿರುಗಿ ನೋಡಿತು. ಅವಳು ಕೂರಲೂ ಇಲ್ಲ, ಅಳಲೂ ಇಲ್ಲ. ಕೊನೆಯ ಆಶೀರ್ವಾದಕ್ಕೆ ಎಲ್ಲರೂ ಕಣ್ಣು ಮುಚ್ಚಿದಾಗ ಹೊರಟುಹೋದಳು. ನಾನು ಕಣ್ಣು ಮುಚ್ಚಿರಲಿಲ್ಲ, ಹಾಗಾಗಿ ನೋಡಿದೆ. ಅಕ್ಕೋರೂ ಮುಚ್ಚಿರಲಿಲ್ಲ.

ಆ ಗುರುವಾರ ಅವಳು ಬರಲಿಲ್ಲ. ಮುಂದಿನ ಭಾನುವಾರವೂ ಇಲ್ಲ, ಅದರ ಮುಂದಿನದೂ ಇಲ್ಲ. ಒಂದು ದಿನ ಅಕ್ಕೋರು ಅಂಗಡಿಯ ಮುಂದೆ ನಿಂತು, "ನಡಿ, ಚೀಟಿ ಬರದಾಕಿ ನಾನು, ಓದಿದಾಂವ ನೀನು. ಇಬ್ಬರೂ ಹೋಗೂಣು," ಎಂದರು.

ನೇಕಾರರ ಓಣಿಯಲ್ಲಿ ಮಗ್ಗದ ಸದ್ದಿಗೆ ಮಾತು ಸ್ವಲ್ಪ ಜೋರಾಗಿಯೇ ಆಡಬೇಕು. ಅವಳು ನಮಗೆ ಚಾಪೆ ಹಾಸಿದಳು, ಚಹಾ ಕೊಟ್ಟಳು, ಮರ್ಯಾದೆಗೆ ಏನೂ ಕಡಿಮೆ ಮಾಡಲಿಲ್ಲ. ಕೂಟಕ್ಕೆ ಯಾಕೆ ಬರಲಿಲ್ಲ ಎಂದು ಅಕ್ಕೋರು ಕೇಳಿದರು.

"ಅಕ್ಕೋರ, ನನಗ ಹೊಲಿಗಿ ಕಲಿಯಾಕ ಬೇಕ್ರಿ. ಅದನ್ನ ಬ್ಯಾಡ ಅನ್ನಂಗಿಲ್ಲ," ಎಂದಳು. "ಊರಾಗ ವರ್ಷಾನಗಟ್ಟಲೆ ಬಾಗಲ ದಾಟಿದ್ರ ಸಾಕು, ಅದ ಹೆಸರಲೆ ಗುರ್ತು ಹಿಡಿತಿದ್ರು. ಇಲ್ಲಿ ಯಾರಿಗೂ ಗೊತ್ತಿಲ್ಲ, ಬರೇ ನನ್ನ ಹೆಸರಲೆ ಇರಬಹುದು ಅನಕೊಂಡು ಬಂದಿದ್ದೆ. ಆ ಬೋರ್ಡಿನ ಬುಡಕ ಮಾತ್ರ ನನ್ನ ಕೂಡಸಬ್ಯಾಡ್ರಿ."

ಅಕ್ಕೋರು ತಮ್ಮ ಆಯುಷ್ಯದಲ್ಲಿ ತಪ್ಪು ಒಪ್ಪಿಕೊಂಡದ್ದನ್ನು ನಾನು ಕಂಡಿರಲಿಲ್ಲ. ಲೆಕ್ಕದ ಮಗ್ಗಿ ಅವರೇ ತಪ್ಪು ಹೇಳಿದ್ದರೂ ನಮ್ಮ ಕಿವಿ ಹಿಂಡುತ್ತಿದ್ದ ಹೆಂಗಸು. ಅವತ್ತು ಚಹದ ಬಸಿಯನ್ನು ಕೆಳಗಿಟ್ಟು, "ತಪ್ಪಾತು, ಯವ್ವಾ," ಎಂದರು. ಬಾ ಎಂದು ಕರೆಯಲಿಲ್ಲ, ಸಮಾಧಾನ ಹೇಳಲಿಲ್ಲ. ಅಣ್ಣನ ಮಗಳ ಲಂಗದ ಹೊಲಿಗೆ ಬಿಚ್ಚಿದ್ದನ್ನು ಕಂಡರೂ ಚೀಲಕ್ಕೆ ಕೈ ಹಾಕಲಿಲ್ಲ. ಎದ್ದು ಹೊರಟರು.

ವಾಪಸು ಬರುವಾಗ ಒಂದು ಮನೆಯ ಕಟ್ಟೆಯ ಮೇಲೆ ಕೂತುಬಿಟ್ಟರು. ನಾನು ಮೊಣಕಾಲು ನೋಯುತ್ತಿರಬೇಕು ಎಂದುಕೊಂಡೆ.

"ನಾ ಆ ಹೆಸರ ಹಾಕಿಸಿದಾಗ ನಮಗ ಕುಂಡ್ರಾಕ ಒಂದು ಜಾಗಾ ಸಿಕ್ಕಿತ್ತು, ತಮ್ಮಾ. ಇಕಿಗೆ ಅದು ಹಣಿಪಟ್ಟಿ ಆತು. ಹೆಸರೂ ಅದ, ಹಾಕಿಸಿದಾಕಿನೂ ನಾನ." ಚೀಲವನ್ನು ಹೆಗಲಿನಿಂದ ಇಳಿಸಿ, "ನೀ ಹೆಸರ ಬದಲಿಸಿದಾಗ ನನಗ ಸಿಟ್ಟು ಬಂದಿತ್ತು. ನೀ ಹೇಳಿದ್ದು ಖರೆ ಇತ್ತು, ನೀ ಇಟ್ಟ ಹೆಸರ ಹೊಲಸ ಇತ್ತು," ಎಂದರು. ನನಗೆ ಸಿಕ್ಕ ಹೊಗಳಿಕೆ ಅದೊಂದೇ.

ಆ ಗುರುವಾರ ಕೂಟಕ್ಕೆ ನನ್ನನ್ನೂ ಕರೆಸಿ ಬಾಗಿಲ ಹತ್ತಿರ ಕೂರಿಸಿದರು. ಹದಿಮೂರು ಹೆಂಗಸರು, ಎಲ್ಲರಿಗಿಂತ ಚಿಕ್ಕವಳಿಗೆ ಐವತ್ತೆಂಟು. ಹೆಸರು ಬದಲಿಸೋಣ ಎಂದು ಅಕ್ಕೋರು ಹೇಳುತ್ತಲೇ ಮಷೀನು ನಿಂತವು. ಶಿರಹಟ್ಟಿಯಿಂದ ಪ್ರತಿ ವಾರ ಬಸ್ಸಿಗೆ ಬರುವ ಅಜ್ಜಿಯೊಬ್ಬಳು ಎಲ್ಲರ ಪರವಾಗಿ ಬಾಯಿ ತೆಗೆದಳು.

"ಈ ಹೆಸರ ತಗದ್ರ ನಾವು ಯಾರಾದಿವಿ? ಸ್ತ್ರೀ ಸಮಾಜದಾಕಿ ಬಂದು ನಮ್ಮ ಮಷೀನ ಮ್ಯಾಲ ಕುಂತ್ರ ನಾವು ಮತ್ತ ಬಾಗಲದಾಗ ಕುಂಡ್ರಬೇಕೇನು? ನೀನ ಕೊಡಿಸಿದಿ, ನೀನ ಕಸಗೋತೀಯೇನು?"

ಆ ಮಾತು ಅಕ್ಕೋರಿಗೆ ನಾಟಿತು, ಮುಖದಲ್ಲೇ ಕಂಡಿತು. ಅಜ್ಜಿ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅಕ್ಕೋರು ವಾದಕ್ಕೆ ಇಳಿಯದೆ ಶಾಲೆಯಲ್ಲಿ ಕೇಳುವ ಹಾಗೆ ಒಂದು ಪ್ರಶ್ನೆ ಕೇಳಿದರು.

"ಇವತ್ತ ಮನಿ ಬಿಡುವಾಗ ಎಲ್ಲಿಗೆ ಹೊಂಟೀನಿ ಅಂತ ಹೇಳಿ ಬಂದಿ?"

"ಯಾರಿಗೆ?"

"ಸೊಸಿಗೆ."

"ಗುರುವಾರಕ್ಕ ಹೋಗಿ ಬರ್ತೀನಿ ಅಂದೆ."

"ಬಸ್ಸಿನ್ಯಾಗ?"

"ಕಂಡಕ್ಟರ್ ಕೇಳಿದ, ಎಲ್ಲಿಗಬೇ ಯಜಮಾನತಿ, ಅಂತ. ಗುರುವಾರಕ್ಕ ಹೊಂಟೀನಪಾ ಅಂದೆ. ಪುಕ್ಕಟೆ ಟಿಕೆಟ್ ಹರದು ಕೊಟ್ಟ."

ಅಕ್ಕೋರು ಸಾಲಾಗಿ ಎಲ್ಲರನ್ನೂ ಕೇಳಿದರು. ಒಬ್ಬಳು ಹಾಲಿನವನಿಗೆ ಹೇಳಿದ್ದಳು, ಒಬ್ಬಳು ಮಗನಿಗೆ, ಒಬ್ಬಳು ಬೀಗತಿಗೆ ಫೋನಿನಲ್ಲಿ. ಹದಿಮೂರು ಮಂದಿಯೂ ಗುರುವಾರಕ್ಕೆ ಹೋಗಿ ಬರ್ತೀನಿ ಎಂದೇ ಹೇಳಿ ಬಂದವರು. ವಿಧವೆಯರ ಕೂಟಕ್ಕೆ ಹೋಗುತ್ತೇನೆ ಎಂದು ಅಷ್ಟು ವರ್ಷಗಳಲ್ಲಿ ಯಾರೊಬ್ಬರೂ, ಅಕ್ಕೋರೂ ಸೇರಿ, ಬಾಯಿಬಿಟ್ಟು ಹೇಳಿರಲಿಲ್ಲ. ಮೊದಲು ನಗು ಬಂತು. ಆಮೇಲೆ ಒಬ್ಬಾಕೆ ಕಣ್ಣೊರೆಸಿಕೊಂಡಳು, ನಾನು ಚಪ್ಪಲಿ ನೋಡುತ್ತ ಕೂತೆ.

"ನಾವ ಹೇಳಾಕ ಹಿಂಜರಿಯೋ ಹೆಸರ ಆ ಕೂಸಿನ ತಲಿ ಮ್ಯಾಲ ಹೊರಿಸಿದ್ವಲ್ಲಬೇ," ಎಂದಳು ಶಿರಹಟ್ಟಿ ಅಜ್ಜಿ. ಮಷೀನಿಗೆ ಮತ್ತೆ ಕಾಲು ಹಾಕಿದಳು. ಒಪ್ಪಿಗೆ ಎಂದರೆ ಅಷ್ಟೇ.

ಕಮಿಟಿಯಲ್ಲಿ ಮಾತ್ರ ಗಂಡಸರು ಗಂಭೀರವಾಗಿ ಗಂಟಲು ಸರಿಮಾಡಿಕೊಂಡರು. ಹಿರಿಯರು ಇಟ್ಟ ಹೆಸರನ್ನು ಹೀಗೆ ತೆಗೆಯುವುದು ಸರಿಯೇ ಎಂದರು. ಅಕ್ಕೋರು ಬೆಂಚಿನಿಂದ ಏಳದೆಯೇ ಹೇಳಿದರು: "ಆ ಹಿರ್ಯಾಕಿ ನಾನ. ಇಟ್ಟಾಕಿ ನಾನು, ತಗಿಯಾಕಿ ನಾನು. ಉಳಿದ ಹೆಸರ ನೀವು ನೋಡ್ಕೊಳ್ರಿ. ಮನಿ ಬಿಡುವಾಗ ಮಂದಿ ಏನಂತ ಹೇಳಿ ಬರತಾರ, ಅದನ್ನ ಕೇಳಿ ಬರ್ಕೊಳ್ರಿ." ಅದರ ಜೊತೆಗೆ ಹೊಸಬರನ್ನು ಎದ್ದು ನಿಲ್ಲಿಸುವ ಪದ್ಧತಿಯನ್ನೂ ಬಿಡಿಸಿದರು. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಚಹಾ ಕೊಡಿ, ಮಾತಾಡಬೇಕೆಂದವರು ತಾವೇ ಮಾತಾಡುತ್ತಾರೆ ಎಂದರು. ಸುವಾರ್ತಾ ದಂಡು ಆ ವರ್ಷವೇ 'ಶನಿವಾರದ ಹಾಡು' ಆಯಿತು. ದೊರ್ಕ ಸಂಘದವರು ಇನ್ನೂ ವಿಚಾರ ಮಾಡುತ್ತಿದ್ದಾರೆ.

ಹೊಸ ಬೋರ್ಡು ನಾನು ಮಾಡಿಕೊಟ್ಟೆ. ಮೂಲೆಗೆ ಗುಲಾಬಿ ಹೂ ಹಾಕಿದ್ದೆ, ಕೆಂಪು ಗೆರೆ ಬಿತ್ತು. "ಹೂ ಬ್ಯಾಡ. ಯಾವತ್ತು, ಎಷ್ಟಕ್ಕ, ಏನ ಮಾಡತೀವಿ, ಅಷ್ಟ ಬರಿ." ಕಡೆಗೆ ಉಳಿದದ್ದು ಇಷ್ಟು: ಗುರುವಾರದ ಕೂಟ. ಸಂಜೆ ನಾಲ್ಕಕ್ಕೆ. ಹೊಲಿಗೆ, ಹಾಡು, ಚಹಾ, ಪ್ರಾರ್ಥನೆ. ಯಾರಾದರೂ ಬರಬಹುದು. ಚಹಾ ಪ್ರಾರ್ಥನೆಗಿಂತ ಮುಂದೆ ಬಂದದ್ದಕ್ಕೆ ಪಾಸ್ಟರು ಸಣ್ಣಗೆ ಆಕ್ಷೇಪಿಸಿದರು. ನಡೆಯುವುದು ಹಾಗೆಯೇ, ಬರೆಯುವುದೂ ಹಾಗೆಯೇ ಇರಲಿ ಎಂದು ಅಕ್ಕೋರು ಬಿಡಲಿಲ್ಲ.

ಬೋರ್ಡು ಬದಲಾಯಿತು, ಹುಡುಗಿ ಬರಲಿಲ್ಲ. ಒಂದು ಗುರುವಾರ, ಎರಡು, ಮೂರು. ನಾನು ತಾಳಲಾರದೆ, ಹೋಗಿ ಕರೆದುಕೊಂಡು ಬರಲೇ ಎಂದು ಕೇಳಿದೆ. ಅಕ್ಕೋರು ಬೇಡವೆಂದರು. ಮನೆಯವರೆಗೆ ಹೋಗಿ ಕರೆದರೆ ಅದೂ ಎದ್ದು ನಿಲ್ಲಿಸಿದಂತೆಯೇ ಆಗುತ್ತದೆ, ಅವಳ ಕಾಲು ಅವಳನ್ನು ತರಲಿ ಎಂದರು. ಹೀಗೆ ಹೇಳಿದರೂ ನಾಲ್ಕು ಗಂಟೆಯಾದರೆ ಅವರ ಕಣ್ಣು ಗೇಟಿನ ಕಡೆಗೇ ಇರುತ್ತಿತ್ತು. ಒಂದು ಗುರುವಾರ ಹೊಲಿಗೆ ತಪ್ಪಿ ಸೂಜಿ ಬೆರಳಿಗೆ ಚುಚ್ಚಿಕೊಂಡರಂತೆ. ಅದು ಅವರ ಜೀವಮಾನದಲ್ಲೇ ಆಗದ ಮಾತು.

ಐದನೆಯ ಗುರುವಾರ ಅವಳು ಬಂದಳು, ಅತ್ತಿಗೆಯನ್ನು ಜೊತೆಗೆ ಕರೆದುಕೊಂಡು. ಅತ್ತಿಗೆಯ ಕೊರಳಲ್ಲಿ ತಾಳಿ ಇತ್ತು, ಕೈತುಂಬ ಹಸಿರು ಬಳೆ ಇದ್ದವು. ಆ ಬಾಗಿಲಲ್ಲಿ ಅಂಥ ಕೈ ಬಂದದ್ದು ಅದೇ ಮೊದಲು. ನಾನು ಚುರುಮುರಿ ಪೊಟ್ಟಣ ಕೊಡಲು ಬಂದವನು ಅಲ್ಲೇ ನಿಂತಿದ್ದೆ. ಎಲ್ಲರೂ ಅಕ್ಕೋರ ಮುಖ ನೋಡಿದರು. ಅಕ್ಕೋರು ತಲೆ ಎತ್ತಲಿಲ್ಲ. ಕೈಯಲ್ಲಿದ್ದ ಸೂಜಿ, ದಾರ ಹುಡುಗಿಯ ಮುಂದೆ ಚಾಚಿದರು.

"ಇದನ್ನ ಪೋಣಿಸಿ ಕೊಡವಾ. ನನಗ ಕಣ್ಣು ಕಾಣವಲ್ದು."

ಅವಳು ಕೂತು ಪೋಣಿಸಿದಳು. ಅಕ್ಕೋರ ಕಣ್ಣಿಗೆ ಏನೂ ಆಗಿರಲಿಲ್ಲ, ಹಿಂದಿನ ದಿನವಷ್ಟೇ ನನ್ನ ಪ್ರೂಫಿನಲ್ಲಿ ಬಿಟ್ಟುಹೋದ ಒಂದು ಅಲ್ಪವಿರಾಮ ಹಿಡಿದಿದ್ದರು.

ಅದಾಗಿ ಮೂರು ವರ್ಷ. ಅವಳು ಈಗ ಓಣಿಯ ಅರ್ಧ ಹೆಂಗಸರ ಜಂಪರ್ ಹೊಲಿಯುತ್ತಾಳೆ. ಕೂಟಕ್ಕೆ ಈಗ ಇಪ್ಪತ್ತೇಳು ಜನ, ಮದುವೆಯಾದವರು, ಆಗದವರು, ಗಂಡ ಬಿಟ್ಟವರು, ಗಂಡನನ್ನು ಬಿಟ್ಟವರು. ಪ್ರಾರ್ಥನೆಯ ಹೊತ್ತಿಗೆ ಎದ್ದುಹೋಗುವ ನೇಕಾರರ ಮನೆಯ ಇಬ್ಬರೂ ಇದ್ದಾರೆ, ಅವರಿಗೆ ಯಾರೂ ಏನೂ ಅನ್ನುವುದಿಲ್ಲ. ಶಿರಹಟ್ಟಿ ಅಜ್ಜಿಯ ಮಷೀನು ಶಿರಹಟ್ಟಿ ಅಜ್ಜಿಯದೇ, ಅದರ ಹತ್ತಿರ ಯಾರೂ ಸುಳಿಯುವ ಹಾಗಿಲ್ಲ.

ಅಕ್ಕೋರು ಹೋದದ್ದು ಒಂದು ಸೋಮವಾರ ಬೆಳಗ್ಗೆ, ಚಹಾ ಕುಡಿದು, ಕುರ್ಚಿಯಲ್ಲಿ ಕೂತಲ್ಲೇ. ಮಂಗಳವಾರ ಮಣ್ಣು ಮಾಡಿದೆವು. ಅವರಿಲ್ಲದ ಊರಿನಲ್ಲಿ ಇನ್ನು ನನ್ನ ತಪ್ಪುಗಳನ್ನು ಯಾರು ಹಿಡಿಯುತ್ತಾರೆ ಎಂದು ಅತ್ತೆ. ನಾಚಿಕೆ ಇಲ್ಲದೆ ಹೇಳುತ್ತೇನೆ, ಚಿಕ್ಕ ಹುಡುಗನ ಹಾಗೆ ಅತ್ತೆ. ಆ ವಾರ ಕೂಟ ಇರಲಿಕ್ಕಿಲ್ಲ ಎಂದು ನಾನೇ ತೀರ್ಮಾನ ಮಾಡಿ, ಕೂಟ ಇಲ್ಲವೆಂದು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿದ ಹಾಳೆ ಹಿಡಿದುಕೊಂಡು ಗುರುವಾರ ಬಾಗಿಲಿಗೆ ಅಂಟಿಸಲು ಹೋದೆ.

ಬಾಗಿಲು ತೆರೆದಿತ್ತು. ಒಳಗೆ ಮಷೀನು ಓಡುತ್ತಿದ್ದವು. ಹೊರಗೆ ಬಿಸಿಲಿನಲ್ಲಿ ನಾನು ಎಂದೂ ಕಾಣದ ಒಬ್ಬ ಹೆಂಗಸು, ಬಗಲಲ್ಲಿ ಕೂಸು, ಬೋರ್ಡನ್ನು ಓದುತ್ತ ನಿಂತಿದ್ದಳು. ಲಕ್ಷ್ಮೇಶ್ವರದಿಂದ ಬಂದು ತಿಂಗಳಾಯಿತಂತೆ. ಒಳಗೆ ಹೋಗುವ ಮನಸ್ಸಿದೆ, ಹೊಸ್ತಿಲು ದಾಟುವ ಧೈರ್ಯವಿಲ್ಲ. ಹಿರೇವಡ್ಡಟ್ಟಿಯವಳು ಅವಳನ್ನು ಕಂಡು, ಕೈಯಲ್ಲಿದ್ದ ಅಳತೆಯ ಟೇಪು ಹಾಗೇ ಹಿಡಿದುಕೊಂಡು ಬಾಗಿಲಿಗೆ ಬಂದಳು.

"ಇಲ್ಲಿ ಹೆಸರ ಬರಸಬೇಕೇನ್ರಿ?" ಎಂದು ಆ ಹೆಂಗಸು ಕೇಳಿದಳು. "ಯಾವ ಪೈಕಿ, ಏನು ಅಂತ ಎಲ್ಲಾ ಹೇಳಬೇಕೇನ್ರಿ?"

"ಹೆಸರ ಆಮ್ಯಾಲ ಕೇಳೂಣಂತ," ಎಂದಳು ಇವಳು, ಕೂಸಿಗೆ ಕೈ ಚಾಚುತ್ತ. "ಮದಲ ಒಳಗ ಬರ್ರಿ. ಕೂಸಿಗೆ ಬಿಸಲು ಬಡ್ಯಾಕತ್ತೈತಿ."

ನಾನು ನನ್ನ ಹಾಳೆ ಮಡಚಿ ಜೇಬಿನಲ್ಲಿ ಇಟ್ಟುಕೊಂಡು, ಚುರುಮುರಿ ತರಲು ಹೋದೆ.